ಹನ್ನೊಂದು ಪಂಜರಗಳ ಮೇಲಿನ ಸೀಮೆಸುಣ್ಣದ ಗೀಟು

ಹೆಸರು: ಎಲ್ಲರೂ ಕರೆಯುವಂತೆ ಇಲಿಯಮ್ಮ. ವಯಸ್ಸು: 52. ಉದ್ಯೋಗ: ಕಣ್ಣು ಮತ್ತು ಮಿದುಳಿನ ಸಂಶೋಧನಾಲಯದಲ್ಲಿ ಹದಿಮೂರು ವರ್ಷದಿಂದ ಇಲಿಗಳನ್ನು ನೋಡಿಕೊಳ್ಳುವುದು. ವಾಸ: ಸಂಶೋಧನಾಲಯದ ಹಿಂದಿನ ಗೇಟಿನಿಂದ 300 ಮೀಟರ್, ತಂಗಿಯ ಮನೆಯ ಮಹಡಿ. ಠಾಣೆಗೆ ಕರೆಸಿ ವಿಚಾರಿಸಿದ್ದಕ್ಕೆ ನಾನು ತಿಳಿಸುವುದು ಇಷ್ಟು:

ನಮ್ಮಲ್ಲಿ 22 ಹುಟ್ಟುಕುರುಡು ಇಲಿಗಳಿವೆ, ಪಂಜರಕ್ಕೆ ಒಂದರಂತೆ. ದೃಷ್ಟಿಗೆ ಬೇಕಾದ ಜೀನನ್ನು ಸಾಮಾನ್ಯವಾಗಿ ಬಳಸುವ ವೈರಸ್ಸಿನ ಬದಲು ಅತಿ ಸೂಕ್ಷ್ಮವಾದ ಕೊಬ್ಬಿನ ಹನಿಗಳಲ್ಲಿ ತುಂಬಿ, ಕಳೆದ ತಿಂಗಳು 2ರಂದು ಎಡಗಣ್ಣಿಗೆ ಮಾತ್ರ ಚುಚ್ಚಿದರು. ಅರ್ಧ ಇಲಿಗಳಿಗೆ ಜೀನಿಲ್ಲದ ಬರೀ ಕೊಬ್ಬಿನ ಹನಿ. ಯಾವುದಕ್ಕೆ ಯಾವುದು ಎಂಬ ಪಟ್ಟಿಯನ್ನು ಲಕೋಟೆಯಲ್ಲಿ ಹಾಕಿ ಅಂಟಿಸಿ, ಈ ಸಂಶೋಧನೆ ನಡೆಸುವ ಡಾಕ್ಟರಮ್ಮನವರ ಬೀರುವಿನಲ್ಲಿ ಇಟ್ಟಿದ್ದರು. ಪರೀಕ್ಷೆ ಮುಗಿಯುವವರೆಗೆ ಅವರೂ ಅದನ್ನು ನೋಡುವಂತಿಲ್ಲ.

ಪರೀಕ್ಷೆ ಮುಗಿದ ಮೇಲೆ, ಈ ತಿಂಗಳು 9ರಂದು ಬೆಳಿಗ್ಗೆ 10.15ಕ್ಕೆ ಡಾಕ್ಟರಮ್ಮನವರು ಲಕೋಟೆ ತೆಗೆದಾಗ ಅಂಟು ಬಿಟ್ಟಿತ್ತು. ಪಟ್ಟಿ ಹಿಡಿದು ಇಲಿಗಳ ಕೋಣೆಗೆ ಬಂದರೆ, ಔಷಧಿ ಕೊಟ್ಟ ಹನ್ನೊಂದು ಪಂಜರಗಳ ಮೇಲೂ ಸೀಮೆಸುಣ್ಣದ ಗೀಟು. ಒಂದೂ ತಪ್ಪಿರಲಿಲ್ಲ. ಪಟ್ಟಿ ಮೊದಲೇ ಹೊರಬಿದ್ದಿದ್ದರೆ ಎರಡು ವರ್ಷದ ಕೆಲಸ ಕಸದ ಬುಟ್ಟಿಗೆ ಎಂದು ಹೇಳಿ, ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿದಿರಲ್ಲ ಎಂದು ನನ್ನ ಮೇಲೆ ಕೂಗಾಡಿದರು. ಗೀಟು ಎಳೆದದ್ದು ನಾನೇ, ಲಕೋಟೆ ಮಾತ್ರ ಮುಟ್ಟಿಲ್ಲ ಎಂದೆ. ಯಾರೂ ನಂಬಲಿಲ್ಲ. ಹದಿಮೂರು ವರ್ಷದಲ್ಲಿ ಒಂದು ಹಿಡಿ ಕಾಳೂ ಮನೆಗೆ ಒಯ್ದವಳಲ್ಲ ನಾನು. ಮೈಯೆಲ್ಲ ಉರಿದುಹೋಯಿತು. 10.40ಕ್ಕೆ ಅವರು ಠಾಣೆಗೆ ಫೋನ್ ಮಾಡಿದರು.

ಮಧ್ಯಾಹ್ನ 2.30ಕ್ಕೆ ಎಸ್.ಐ. ಸಾಹೇಬರು ನನ್ನನ್ನು ಪಕ್ಕದ ವಿಭಾಗಕ್ಕೆ ಕರೆದೊಯ್ದರು. ಡಾಕ್ಟರಮ್ಮನವರೂ ಜೊತೆಗೆ ಬಂದರು. ಅಲ್ಲಿ ಹೀಗೇ ಎಡಗಣ್ಣಿಗೆ ಚುಚ್ಚಿದ ಆರು ಇಲಿಗಳಿದ್ದವು. ನಾನು ಅವನ್ನು ಅದುವರೆಗೆ ಕಂಡಿರಲಿಲ್ಲ. ಅವುಗಳ ಪಟ್ಟಿ ಅಲ್ಲಿನ ದೊಡ್ಡ ಡಾಕ್ಟರ ಜೇಬಿನಲ್ಲಿತ್ತು. ಒಂದೊಂದನ್ನು ಒಂದು ನಿಮಿಷ ನೋಡಿ, ಎರಡು, ಮೂರು, ಆರು ಎಂದೆ. ಪಟ್ಟಿಯಲ್ಲೂ ಅದೇ ಇತ್ತು.

ಹೇಗೆ ಗೊತ್ತಾಯಿತೆಂದು ಸಾಹೇಬರು ಕೇಳಿದರು.

"ನನ್ನ ಮುಖ ನೋಡಿ ಸಾಹೇಬ್ರೇ. ಆರನೇ ವಯಸ್ಸಿಂದ ನನ್ನ ಬಲಗಣ್ಣು ಕಾಣಲ್ಲ. ಈಗ ಎಡಗಣ್ಣು ಮುಂದೆ ಬರೋ ಹಾಗೆ ಕತ್ತು ಬಲಕ್ಕೆ ತಿರುಗಿಸಿ ನಿಮ್ಮನ್ನ ನೋಡ್ತಿದ್ದೀನಲ್ಲ, ಅವೂ ಹೀಗೇ ನೋಡ್ತವೆ. ಪೂರ್ತಿ ಕುರುಡಾಗಿರೋವು ಹೀಗೆ ತಿರುಗಲ್ಲ."

ಡಾಕ್ಟರಮ್ಮನವರು ಸ್ಟೂಲಿನ ಮೇಲೆ ಕುಳಿತುಬಿಟ್ಟರು. "ತಪ್ಪಾಯ್ತು ಇಲಿಯಮ್ಮ, ಲಕೋಟೆ ಅಂಟು ತಾನಾಗೇ ಬಿಟ್ಟಿರಬೇಕು" ಎಂದರು. ದೂರನ್ನು ವಾಪಸ್ ಪಡೆಯುವುದಾಗಿ ಸಾಹೇಬರಿಗೆ ತಿಳಿಸಿದರು. ಆಮೇಲೆ ತಲೆ ಎತ್ತದೆ ಹೇಳಿದರು: "ಆದ್ರೆ ಇನ್ಮೇಲೆ ನೀವು ಇಲಿಗಳ ಹತ್ರ ಬರೋ ಹಾಗಿಲ್ಲ. ನೋಡಿಕೊಳ್ಳೋರಿಗೆ ಗೊತ್ತಿರಬಾರದು. ನಿಮಗೆ ಗೊತ್ತಾಗಿಬಿಡುತ್ತೆ."

ನಾಳೆಯಿಂದ ನನಗೆ ಉಗ್ರಾಣದಲ್ಲಿ ಕೆಲಸ. ಅಳು ಬಂತು. ಅಲ್ಲಿಯೇ ಅತ್ತೆ.

ನನಗೆ ಯಾರ ಮೇಲೂ ದೂರಿಲ್ಲ. ಆದರೆ ಒಂದು ಮಾತನ್ನು ಇದರಲ್ಲಿ ಬರೆಯಲೇಬೇಕೆಂದು ಕೇಳಿಕೊಂಡಿದ್ದೇನೆ. ಗೀಟು ಎಳೆದದ್ದು ಪರೀಕ್ಷೆ ಕೆಡಿಸಲಿಕ್ಕಲ್ಲ, ನನ್ನ ನೆನಪಿಗೆ. ನನ್ನ ಜಾಗಕ್ಕೆ ಬರುವವರು ಆ ಹನ್ನೊಂದು ಪಂಜರಗಳಿಗೆ ಕಾಳು ಹಾಕುವಾಗ ಇಲಿಯ ಎಡಗಡೆಯಿಂದ ಕೈ ಹಾಕಬೇಕು. ಬಲಗಡೆಯಿಂದ ಹಾಕಿದರೆ ಬೆಚ್ಚಿಬೀಳುತ್ತವೆ. ನಾನೂ ಹಾಗೆಯೇ.

ಬರೆದದ್ದನ್ನು ಪೇದೆಯವರು ನನ್ನ ಎಡಗಡೆ ಬಂದು ನಿಂತು ಓದಿದರು. ನಾನು ಹೇಳಿದಂತೆಯೇ ಇದೆ, ಸುಳ್ಳಿಲ್ಲ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಈ ತಿಂಗಳ 9, ಸಂಜೆ 5.20
ಸಹಿ: ಇಲಿಯಮ್ಮ