ಕಿತ್ತಳೆ ಬಣ್ಣದ ಪೆಟ್ಟಿಗೆ

ಬೀರು ಬೇಡ ಅಂದ್ರೆ ಬೇಡ ಬಿಡಿ ಭಾವ, ಕಾಫಿ ಇಡ್ತೀನಿ. ಬೀರು ನಾನೂ ಮುಟ್ಟಿಲ್ಲ. ನಿಮ್ಮ ತಂಗಿ ಆರ್ಲಿಸ್‌ನ ಮಣ್ಣು ಮಾಡಿ ಬಂದಮೇಲೆ ಒಂದು ಕ್ಯಾನೂ ಮುಟ್ಟಿಲ್ಲ... ನಂಬಿಕೆ ಇಲ್ಲವಾ? ಹೋಗಿ, ಫ್ರಿಜ್ ತೆಗೆದು ನೋಡಿ.

ಕೂತ್ಕೊಳ್ಳಿ. ಮಿಲ್ವಾಕಿಯಿಂದ ನಾಲ್ಕು ಗಂಟೆ ಕಾರು ಓಡಿಸ್ಕೊಂಡು ಬಂದಿದ್ದೀರಿ. ನಿಂತ್ಕೊಂಡು ನನ್ನನ್ನ ನೋಡಬೇಡಿ.

ಕೆಲಸಕ್ಕಾ? ನಿನ್ನೆ ಹೋಗಿದ್ದೆ. ಇಪ್ಪತ್ತೆರಡು ವರ್ಷ ಆಯ್ತು, ಅಂಗಡಿ ಅಂಗಡಿಗೆ ಬೀರು ಇಳಿಸಿ ಜೋಡಿಸೋ ಕೆಲಸ. ಜಿಂಕೆ ಬೇಟೆ ಶುರುವಾದ್ರೆ ಕಂಪನಿಯವರು ನೀಲಿ ಪೆಟ್ಟಿಗೆ ನಿಲ್ಲಿಸಿ ಕಿತ್ತಳೆ ಪೆಟ್ಟಿಗೆ ಕಳಿಸ್ತಾರಲ್ಲ, ಬೇಟೆಯವರು ಒಬ್ಬರಿಗೊಬ್ಬರು ಗುಂಡು ಹೊಡೀದಿರಲಿ ಅಂತ ತೊಡೋ ಜಾಕೆಟ್ಟಿನ ಬಣ್ಣವೇ. ಒಂದು ಮಗ್ಗುಲಿಗೆ ದೊಡ್ಡ ಜಿಂಕೆ ತಲೆ. ಒಳಗೆ ಅದೇ ಬೀರು, ಅದೇ ನೀರು! ಇಪ್ಪತ್ನಾಲ್ಕರ ಬೆಲೆಗೆ ಮೂವತ್ತು ಕ್ಯಾನು. ಜನ ಮುಗಿಬೀಳ್ತಾರೆ. ನಿನ್ನೆ ಅಂಗಡಿ ಬಾಗಿಲ ಹತ್ತಿರ ಆಳೆತ್ತರ ಜೋಡಿಸಬೇಕಿತ್ತು. ಆಗಲಿಲ್ಲ ಭಾವ. ಅಷ್ಟೂ ತಲೆ ನನ್ನನ್ನೇ... ಬಿಟ್ಟು ಓಡಿ ಬಂದೆ.

ನಗ್ತೀರಾ? ನಗಿ.

ಹೌದು, ಸೋಮವಾರ ಕೋರ್ಟು. ಗುಂಡು ಹಾರಿಸಿದ್ದು ಪಕ್ಕದ ಮನೆ ಐನಾರ್ ಮುದುಕ. ಅವನನ್ನ ಜೈಲಿಗೆ ಹಾಕ್ತಾರೋ ಬಿಡ್ತಾರೋ, ನನ್ನ ಮಾತಿನ ಮೇಲಿದೆಯಂತೆ. ಪೊಲೀಸರಿಗೆ ಹೇಳಿದ್ದನ್ನೇ ಅಲ್ಲೂ ಹೇಳ್ತೀನಿ. ನಿಮಗೂ ಅದೇ. ಬೆಳಕು ಹರಿಯೋ ಮುಂಚೆ ನಾನು ಕಾಡಿಗೆ ಹೋದೆ. ಆರ್ಲಿಸ್ ಮಲಗಿದ್ದಳು. ಮರದ ಮೇಲೆ, ಅಟ್ಟಣೆಯಲ್ಲಿ ಕೂತಿದ್ದೆ. ಆಮೇಲೆ ಅವಳೇ ಎದ್ದು ನನಗೆ ಬಿಸಿ ಸೂಪು ತಗೊಂಡು ಹೊರಟಿದ್ದಾಳೆ. ಈ ದಿನಗಳಲ್ಲಿ ಕಿತ್ತಳೆ ತೊಡದೆ ಯಾರು ಕಾಡಿಗೆ ಕಾಲಿಡ್ತಾರೆ? ಜಾಕೆಟ್ಟಿಲ್ಲ ಅಂತ ಬೀರು ಪೆಟ್ಟಿಗೆ ರಟ್ಟು ಕತ್ತರಿಸಿ, ದಾರ ಕಟ್ಟಿ, ಕೊರಳಿಗೆ ಹಾಕ್ಕೊಂಡಿದ್ದಾಳೆ. ಅವಳಿಗೇ ಹೊಳೆದದ್ದು. ನನಗೇನೂ ಗೊತ್ತಿಲ್ಲ. ಗುಂಡಿನ ಸದ್ದು ಕೇಳಿದೆ, ಅಷ್ಟೇ.

ಐನಾರ್ ಸುಳ್ಳು ಹೇಳೋ ಮನುಷ್ಯ ಅಲ್ಲ. ಪೊದೆಯಲ್ಲಿ ಜಿಂಕೆ ತಲೆ ಕಂಡಿತು ಅಂತಾನೆ. ಕಂಡೇ ಇರುತ್ತೆ. ಬರೀ ಕಿತ್ತಳೆ ಇದ್ದ ಮಗ್ಗುಲು ಎದೆಗೆ ಬಂತು, ಜಿಂಕೆ ತಲೆ ಬೆನ್ನಿಗೆ ಹೋಯ್ತು. ಬಾಗಿಲಲ್ಲಿ ಗಿರ್ರನೆ ತಿರುಗಿ ತೋರಿಸಿದಳು. "ಏ ಡೆಲ್ಮರ್, ಕೊಂಬು ಒಪ್ಪುತ್ತೇನೋ ನನಗೆ?" ಎಷ್ಟು ನಕ್ಕಳು ಅಂತೀರಿ...

...

ಏನು? ಯಾಕೆ ಹಾಗೆ ನೋಡ್ತೀರಿ?

ಅದು... ಅದು ಹಿಂದಿನ ದಿನ. ಅಲ್ಲ, ಹೋದ ವರ್ಷ. ಭಾವ, ಏನಾದ್ರೂ ಅನ್ನಿ. ಬೈಯಿರಿ! ಹೊಡೀರಿ ಬೇಕಾದ್ರೆ!

ನಾನು ಹೊರಟಾಗ ಅವಳು ಮಲಗಿರಲಿಲ್ಲ. ನಾನೇ ಎಬ್ಬಿಸಿದ್ದೆ. ಎರಡು ದಿನದಿಂದ ಒಂದು ಜಿಂಕೆಯೂ ಬಿದ್ದಿರಲಿಲ್ಲ. ನೀನು ಆ ಕಡೆಯಿಂದ ಪೊದೆ ಬಡೀತಾ ಬಾ, ಜಿಂಕೆ ನನ್ನ ಕಡೆಗೆ ಓಡಿ ಬರ್ತಾವೆ ಅಂದೆ. ಸೂಪೂ ಇಲ್ಲ, ಏನೂ ಇಲ್ಲ. ರಟ್ಟು ಕತ್ತರಿಸಿದ್ದು ನಾನು. ದಾರ ಕಟ್ಟಿದ್ದು ನಾನು. ಅಂಗಡಿಯಲ್ಲಿ ಎರಡನ್ನೂ ಕೈಗೆ ತಗೊಂಡಿದ್ದೆ ಭಾವ, ಅವಳಿಗೊಂದು ಜಾಕೆಟ್ಟು, ನನಗೊಂದು ಬೀರು ಪೆಟ್ಟಿಗೆ. ಬೆಲೆ ನೋಡಿ ಜಾಕೆಟ್ಟು ವಾಪಸ್ಸು ಇಟ್ಟೆ.

ಮನೆಯಲ್ಲಿ ಇದ್ದದ್ದು ಒಂದೇ ಜಾಕೆಟ್ಟು. ಅದನ್ನ ನಾನು ಹಾಕ್ಕೊಂಡಿದ್ದೆ.