ಫೋಲ್ಡರ್ ಹೆಸರೆಲ್ಲಿ, ಪುಟ್ಟಾ?

ಅಂಚೆ ಕಚೇರಿಯ ಪಾರ್ಸೆಲ್ ಕೌಂಟರಿನ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಅಕ್ಕ, ಒಬ್ಬ ತಮ್ಮ. ಇಬ್ಬರೂ ಒಂದೇ ಆಸ್ಪತ್ರೆಯ ಕಂಪ್ಯೂಟರ್ ನೋಡಿಕೊಳ್ಳುವವರು ಅಂತ ಮಾತಿನಿಂದಲೇ ಗೊತ್ತಾಯಿತು.

"ಹಳೇ ಎಕ್ಸ್‌ರೇ ಅಳಿಸೋಕೆ ನೀನು ಬರೆದ ಪ್ರೋಗ್ರಾಂ ಓಡಿಸಿದೆ ಅಕ್ಕ. ಅದು ನನಗೇ ಬೈತು."

"ಯಾವ ಫೋಲ್ಡರ್ ಅಂತ ಹೆಸರು ಕೊಟ್ಟಿದ್ಯಾ?"

"ಮರೆತೆ."

"ಹೆಸರಿಲ್ಲದೆ ಅದು ಎಲ್ಲಾ ಫೋಲ್ಡರಿಗೂ ಕೈ ಹಾಕ್ತಿತ್ತು. ಇಡೀ ಆಸ್ಪತ್ರೆ ಎಕ್ಸ್‌ರೇ ಗುಳುಂ ಸ್ವಾಹಾ!"

"ಹಾಕಲಿಲ್ವಲ್ಲ!"

"ಹೇಗೆ ಹಾಕುತ್ತೆ? ಹೆಸರು ಕೊಡದಿದ್ರೆ ಬೈದು ನಿಂತುಬಿಡು ಅಂತ ನಿನ್ನೆ ತಾನೇ ಶುರುವಲ್ಲೇ ಬರೆದಿಟ್ಟೆ."

"ಅದಕ್ಕೆ 'ಫೋಲ್ಡರ್ ಹೆಸರೆಲ್ಲಿ, ಪುಟ್ಟಾ?' ಅಂತ ಬರೀಬೇಕಿತ್ತಾ? ಪಕ್ಕದ ಸೀಟಿನವರೆಲ್ಲ ಓದಿ ನಕ್ಕರು."

"ಬೇರೆ ಯಾರೂ ಮರೆಯಲ್ಲ ಕಣೋ."

"ನನ್ನ ಮೇಲೆ ಒಂಚೂರೂ ನಂಬಿಕೆ ಇಲ್ವಾ ನಿನಗೆ?"

"ನೀನು ಹುಟ್ಟಿದಾಗಿಂದ ನೋಡ್ತಿದೀನಲ್ಲ!"

"ಇನ್ನೊಂದ್ಸಲ ಮರೆತರೆ ಕೇಳು."

ಅಷ್ಟರಲ್ಲಿ ಅವರ ಸರದಿ ಬಂತು. ತಮ್ಮ ಜಂಬದಿಂದ ಡಬ್ಬ ಮುಂದಿಟ್ಟ. ಕೌಂಟರಿನಾಕೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ವಾಪಸ್ ತಳ್ಳಿದಳು.

"ವಿಳಾಸ ಎಲ್ಲಿ ಸಾರ್?"

ಅವನು ಡಬ್ಬ ಎತ್ತಿಕೊಂಡು ಪಕ್ಕದ ಮೇಜಿಗೆ ಸರಿದ. ಅಕ್ಕ ಹಿಂದೆಯೇ ಹೋದಳು. ಮುಚ್ಚಳ ತೆಗೆದ ಪೆನ್ನು ಅವಳ ಕೈಯಲ್ಲಿ ಆಗಲೇ ಸಿದ್ಧವಿತ್ತು.