ಎಲ್ಲರದೂ ಆಗಲಿ

ಚೆಂಬೂರು ಸ್ಟೇಷನ್ನಿನ ಹೊರಗೆ, ಬಸ್‌ಸ್ಟಾಪಿನ ಬೆಂಚಿನ ಮೇಲೆ ಕೂತಿದ್ದ ಜಲಜಾಕ್ಷಿಯ ಕಿವಿಗೆ ಕನ್ನಡ ಬಿತ್ತು. ಪಕ್ಕದಲ್ಲೇ ಬಿಳಿ ಸೀರೆಯ ಮುದುಕಿಯೊಬ್ಬಳು ಸೊಸೆಯ ತೋಳು ಹಿಡಿದು ನಿಂತಿದ್ದಳು.

"ಮಣ್ಣ ಮಾಡಿ ಬಂದ್ವಿ. ಇನ್ನ ಅಳಬ್ಯಾಡ್ರಿ, ಅತ್ತಿ."

"ದವಾಖಾನಿಗೆ ಪಾಸ್ಟರು ಕರ್ತನ ಭೋಜನದ ರೊಟ್ಟಿ ತಂದಾಗ ನಿಮ್ಮ ಮಾವ ಏನಂದ್ರು ಗೊತ್ತೇನ ಎಸ್ತೇರ? ಎಲ್ಲಾರದೂ ಆಗ್ಲಿ, ಆಮ್ಯಾಲ ನಾ ತಗೋತೀನಿ ಅಂದ್ರು."

"ಖೋಲಿಯಾಗ ಮತ್ಯಾರಿದ್ರು?"

"ಯಾರಿದ್ರು, ನಾ ಒಬ್ಬಾಕಿ. ಜೀವನಪೂರ್ತಿ ಗಟಾರ ತೆಗದ ಕೈ. ತಾವು ಮುಟ್ಟಿದ್ದನ್ನ ಮಂದಿ ತಗೋತಾರೋ ಇಲ್ಲೋ ಅಂತ ಚರ್ಚಿನಾಗೂ ಕಡೀಕ ನಿಲ್ತಿದ್ರು."

"ಆಮ್ಯಾಲ?"

"ನಿಮಗಂತನ ತಂದೀನಿ ಅಂತ ಪಾಸ್ಟರು ಬಾಯಾಗ ಇಟ್ರು. ನುಂಗೂದ್ರೊಳಗ ಜೀವ ಹೋತು."

"ಇಂಥಾವರನ್ನ ಕಂಡ್ರ ದೇವರಿಗೆ ಭಾಳ ಖುಷಿ, ಸ್ವರ್ಗ ಸೇರಿಸೂ ರಕ್ಷಣೆ ಅಂವ ಪುಕ್ಕಟ ಕೊಡೂದು ಅಂತ ಪಾಸ್ಟರು ಹೇಳಿದ್ರಲ್ಲ."

"ಕೊಡ್ತಾನವಾ, ನನಗ ಅನುಮಾನಿಲ್ಲ. ಆದ್ರ ಇವರು ಅಲ್ಲೂ ಬಾಗಲ ಹೊರಗ ಕಡೀಕ ನಿಂತಿರ್ತಾರ. ಒಳಗ ಬಾ ಅಂತ ಕರಿಯೋರು ಯಾರು?"

ಅಷ್ಟರಲ್ಲಿ ಬಸ್ಸು ಬಂದು ಜನ ನುಗ್ಗಿದರು. ಮುದುಕಿ ಪಕ್ಕಕ್ಕೆ ಸರಿದು ಎಲ್ಲರಿಗೂ ದಾರಿ ಬಿಟ್ಟಳು. ಕಡೆಗೆ ಹತ್ತಲು ಅವರಿಬ್ಬರೇ ಉಳಿದರು.

"ಅಜ್ಜಿ, ಒಳಗೆ ಬನ್ನಿ," ಎಂದು ಕಂಡಕ್ಟರ್ ಮರಾಠಿಯಲ್ಲಿ ಕರೆದು ಕೈ ಚಾಚಿದ.

ಮುದುಕಿ ಆ ಕೈಯನ್ನೇ ನೋಡುತ್ತ ನಿಂತಳು. ಆಮೇಲೆ ತನ್ನ ಕೈಯನ್ನು ಸೆರಗಿಗೆ ಎರಡು ಸಲ ಒರೆಸಿಕೊಂಡು, ಅವನ ಕೈ ಹಿಡಿದು ಹತ್ತಿದಳು.